ಹೊಸಿಲು ದಾಟಿ ಬರುವ ಪ್ಲಾಸ್ಟಿಕ್ಕನ್ನು ಕಡಿಮೆ ಮಾಡಲು ನಿಮ್ಮ ಮನೆಯಲ್ಲಿ ಏನು ಮಾಡುತ್ತಿದ್ದೀರಿ?

ಪ್ರಶ್ನೆ: ತುಂಗೆಯ ದಂಡೆ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನಮ್ಮದು ಐದು ಜನರ ಸಂಸಾರ. ನಾನು, ನಮ್ಮ ಯಜಮಾನರು, ಅತ್ತೆಯವರು ಮತ್ತು ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಕಳೆದ ತಿಂಗಳು ಮಗಳಿಗೆ ಶಾಲೆಯಲ್ಲಿ ಮನೆಯ ಕಸವನ್ನು ಲೆಕ್ಕ ಮಾಡಿ ಬರೆದುಕೊಂಡು ಬರಲು ಹೇಳಿದ್ದರಿಂದ, ಒಂದು ವಾರ ಪೂರ್ತಿ ಮನೆಗೆ ಬಂದ ಯಾವ ಪ್ಲಾಸ್ಟಿಕ್ಕನ್ನೂ ಹೊರಗೆ ಹಾಕದೆ ಹಳೆಯ ಅಕ್ಕಿ ಮೂಟೆಯ ಚೀಲದಲ್ಲಿ ತುಂಬಿಟ್ಟೆವು. ಭಾನುವಾರ ಅದನ್ನು ತಾರಸಿಯ ಮೇಲೆ ಸುರಿದು ವಿಂಗಡಿಸಲು ಕುಳಿತಾಗ, ಇಷ್ಟೊಂದು ನಮ್ಮ ಮನೆಯದೇ ಎಂದು ನಂಬುವುದಕ್ಕೆ ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ದಿನಕ್ಕೆ ಮೂರರಂತೆ ಅರ್ಧ ಲೀಟರ್ ಹಾಲಿನ ಪ್ಯಾಕೆಟ್ 21, ಮೊಸರಿನದು 4, ತರಕಾರಿ ಮತ್ತು ಸೊಪ್ಪು ತಂದ ತೆಳು ಕವರು 13, ದಿನಸಿಯದು 9, ಬಿಸ್ಕತ್ತು ಮತ್ತು ಕುರುಕಲು ತಿಂಡಿಯದು 17, ಶಾಂಪೂ ಪೊಟ್ಟಣ 8, ಹೋಟೆಲಿನಿಂದ ಸಾಂಬಾರು, ಚಟ್ನಿ ಕಟ್ಟಿಸಿಕೊಂಡು ಬಂದದ್ದು 6, ದೇವರ ಹೂವಿನದು 5. ಒಟ್ಟು 83. ಇವುಗಳಲ್ಲಿ ಹಾಲಿನದನ್ನು ಬಿಟ್ಟರೆ ಹೆಚ್ಚಿನವು ನಮ್ಮ ಕೈಯಲ್ಲಿ ಹತ್ತು ನಿಮಿಷವೂ ಇದ್ದವಲ್ಲ. ಸಾಂಬಾರಿನ ಕವರು ಹೋಟೆಲಿನಿಂದ ಮನೆಗೆ ಬಂದು ಪಾತ್ರೆಗೆ ಸುರಿಯುವಷ್ಟು ಹೊತ್ತು ಮಾತ್ರ ಬಳಕೆಯಾಗಿತ್ತು.

ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಎಲ್ಲವನ್ನೂ ಒಮ್ಮೆಲೇ ಬದಲಾಯಿಸುವಷ್ಟು ಬಿಡುವಿಲ್ಲ, ದುಬಾರಿ ಬೆಲೆಯ 'ಪರಿಸರಸ್ನೇಹಿ' ಸಾಮಾನು ಕೊಳ್ಳುವ ಶಕ್ತಿಯೂ ಇಲ್ಲ. ಆದುದರಿಂದ, ನೀವು ನಿಮ್ಮ ಮನೆಯಲ್ಲಿ ಮಾಡಿ ನೋಡಿ, ವರ್ಷಗಟ್ಟಲೆ ಉಳಿದು ಬಂದಿರುವ ರೂಢಿಗಳನ್ನು ಮಾತ್ರ ತಿಳಿಸಬೇಕೆಂದು ಕೋರುತ್ತೇನೆ. ತಪ್ಪಿಸಲಾಗದ ಹಾಲಿನ ಪ್ಯಾಕೆಟ್ಟನ್ನು ಏನು ಮಾಡುವುದು, ಕಸದ ಬುಟ್ಟಿಗೆ ಕವರು ಹಾಕದೆ ಇರುವುದು ಹೇಗೆ, ಈಗಾಗಲೇ ಅಡುಗೆಮನೆಯಲ್ಲಿರುವ ಪ್ಲಾಸ್ಟಿಕ್ ಡಬ್ಬಗಳನ್ನು ಬಿಸಾಡಬೇಕೆ ಎಂಬ ಮೂರು ಪ್ರಶ್ನೆಗಳಿಗೆ ವಿಶೇಷವಾಗಿ ಉತ್ತರ ಬೇಕಾಗಿದೆ.

ಉತ್ತರ: ಲಾಡಿ ಚೀಲ, ಮೈಸೂರು

ನಿಮ್ಮ ಪಟ್ಟಿ ನೋಡಿದೆ. ಹನ್ನೊಂದು ವರ್ಷಗಳ ಹಿಂದೆ ನಾನು ಕೆಲಸದಿಂದ ನಿವೃತ್ತನಾಗಿ ಮನೆಯ ಸಾಮಾನು ತರುವ ಜವಾಬ್ದಾರಿಯನ್ನು ವಹಿಸಿಕೊಂಡಾಗ ನಮ್ಮ ಮನೆಯ ಲೆಕ್ಕವೂ ಹೀಗೇ ಇತ್ತು. ನನ್ನ ಅನುಭವದಲ್ಲಿ ಪ್ಲಾಸ್ಟಿಕ್ ಮನೆಯೊಳಗೆ ಬಂದ ಮೇಲೆ ಮಾಡಬಹುದಾದದ್ದು ಬಹಳ ಕಡಿಮೆ. ನಾವು ಮನೆಯಿಂದ ಹೊರಡುವಾಗ ಕೈಯಲ್ಲಿ ಏನು ಹಿಡಿದುಕೊಂಡು ಹೋಗುತ್ತೇವೆ ಎಂಬುದರ ಮೇಲೆ ಮುಕ್ಕಾಲು ಪಾಲು ನಿರ್ಧಾರವಾಗುತ್ತದೆ. ಒಂದು ದೊಡ್ಡ ಕೈಚೀಲ ಇದ್ದರೆ ಸಾಲದು, ಅದರೊಳಗೆ ಸಣ್ಣ ಚೀಲಗಳೂ ಇರಬೇಕು. ಇಲ್ಲವಾದರೆ ತರಕಾರಿಯವನು ಬೀನ್ಸನ್ನು ಒಂದು ಕವರಿಗೆ, ಹಸಿಮೆಣಸಿನಕಾಯಿಯನ್ನು ಇನ್ನೊಂದಕ್ಕೆ ಹಾಕಿ, ಆ ಕವರುಗಳನ್ನೇ ನಿಮ್ಮ ಬಟ್ಟೆ ಚೀಲಕ್ಕೆ ಇಳಿಸುತ್ತಾನೆ. ನಿಮ್ಮ 13 ಕವರುಗಳು ಬಂದದ್ದು ಬಹುಶಃ ಹೀಗೆಯೇ.

ನನ್ನ ಹೆಂಡತಿ ಹಳೆಯ ಪಂಚೆ ಮತ್ತು ಕಾಟನ್ ಸೀರೆಯ ತುಂಡುಗಳಿಂದ ಲಾಡಿ ಹಾಕಿದ ಎಂಟು ಸಣ್ಣ ಚೀಲಗಳನ್ನು ಹೊಲಿದುಕೊಟ್ಟಳು. ಬಟ್ಟೆ ತೆಳುವಾಗಿರಬೇಕು. ದಪ್ಪ ಬಟ್ಟೆಯಾದರೆ ತೂಕದಲ್ಲಿ ನಷ್ಟವಾಗುತ್ತದೆ, ಒಗೆದರೆ ಬೇಗ ಒಣಗುವುದೂ ಇಲ್ಲ. ಎರಡು ಚೀಲ ಬೇಳೆಗೆ, ಒಂದು ಸಕ್ಕರೆಗೆ, ಒಂದು ರವೆಗೆ, ಉಳಿದವು ತರಕಾರಿಗೆ ಎಂದು ನಿಗದಿ ಮಾಡಿದ್ದೇವೆ. ಬೆಲ್ಲ, ಹುಣಸೆಹಣ್ಣು ಇಂಥ ಅಂಟುವ ಪದಾರ್ಥಗಳಿಗೆ ಸ್ಟೀಲ್ ಡಬ್ಬ ಒಯ್ಯುತ್ತೇನೆ. ಡಬ್ಬದ ತಳದಲ್ಲಿ ಅದರ ಖಾಲಿ ತೂಕವನ್ನು ಬಣ್ಣದಿಂದ ಬರೆದಿಟ್ಟಿದ್ದೇನೆ. ಈಗಿನ ತಕ್ಕಡಿಯಲ್ಲಿ ಖಾಲಿ ಡಬ್ಬ ಇಟ್ಟು ಸೊನ್ನೆಗೆ ತರುವ ಅನುಕೂಲವಿದ್ದರೂ, ಅಂಗಡಿಯವರು ಗಡಿಬಿಡಿಯಲ್ಲಿದ್ದಾಗ ಬರೆದ ತೂಕವನ್ನು ತೋರಿಸಿದರೆ ಕೆಲಸ ಸುಲಭ. ಮೊದಮೊದಲು ಅವರಿಗೆ ಬೇಸರವಾಗುತ್ತಿತ್ತು. ಸಂಜೆಯ ಜನಸಂದಣಿಯ ಬದಲು ಬೆಳಿಗ್ಗೆ ಅಂಗಡಿ ತೆರೆದ ಅರ್ಧ ಗಂಟೆಯೊಳಗೆ ಹೋಗಲಾರಂಭಿಸಿದ ಮೇಲೆ ಆ ಬೇಸರ ಹೋಯಿತು.

ಹಿಟ್ಟಿನ ವಿಷಯ. ರಾಗಿ ಮತ್ತು ಗೋಧಿಯನ್ನು ಕಾಳಾಗಿ ಕೊಂಡು, ಹಸನು ಮಾಡಿ, ಹತ್ತಿರದ ಮಿಲ್ಲಿನಲ್ಲಿ ಬೀಸಿಸುತ್ತೇವೆ. ತಿಂಗಳಿಗೆ ಒಂದು ಸಲದ ಕೆಲಸ. ಬೀಸಿದ ಹಿಟ್ಟು ಬಿಸಿಯಾಗಿರುವುದರಿಂದ ಅದನ್ನು ಮನೆಗೆ ತಂದು ಕಾಗದದ ಮೇಲೆ ಹರಡಿ ಆರಿಸಿ ಡಬ್ಬಕ್ಕೆ ತುಂಬಬೇಕು, ಇಲ್ಲವಾದರೆ ಬೆವರಿ ಮುಗ್ಗಲು ಹಿಡಿಯುತ್ತದೆ. ಕೊಬ್ಬರಿ ಎಣ್ಣೆಗೆ ನಮ್ಮ ಊರಿನ ತೋಟದ ಕೊಬ್ಬರಿಯನ್ನೇ ಗಾಣಕ್ಕೆ ಕೊಟ್ಟು ಸ್ಟೀಲ್ ಕ್ಯಾನಿನಲ್ಲಿ ತರುತ್ತೇವೆ. ಎಲ್ಲರಿಗೂ ತೋಟವಿರುವುದಿಲ್ಲ ಎಂಬುದು ಗೊತ್ತು. ಶಿವಮೊಗ್ಗದಲ್ಲಿ ನೆಂಟರಿಷ್ಟರ ತೋಟವಾದರೂ ಇರುವವರು ಬಹಳ ಮಂದಿ ಇದ್ದಾರಲ್ಲ ಎಂದು ಹೇಳಿದೆ.

ಕವರಿಲ್ಲದೆ ತಂದ ಸೊಪ್ಪು ಬಾಡುತ್ತದೆ ಎಂಬುದು ಸಾಮಾನ್ಯವಾದ ದೂರು. ಕೊತ್ತಂಬರಿ ಸೊಪ್ಪನ್ನು ತೊಳೆಯದೆ, ಕೊಳೆತ ಎಲೆಗಳನ್ನು ಆರಿಸಿ ತೆಗೆದು, ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ತೆಳು ಬಟ್ಟೆಯಲ್ಲಿ ಸುತ್ತಿ ಮುಚ್ಚಳದ ಡಬ್ಬದಲ್ಲಿ ಫ್ರಿಜ್ಜಿನಲ್ಲಿಟ್ಟರೆ ನಮ್ಮಲ್ಲಿ ಒಂದು ವಾರ ಬರುತ್ತದೆ. ಬಟ್ಟೆಯಿಂದ ನೀರು ತೊಟ್ಟಿಕ್ಕುವಂತಿದ್ದರೆ ಮೂರನೆಯ ದಿನಕ್ಕೇ ಲೋಳೆಯಾಗುತ್ತದೆ. ಕರಿಬೇವನ್ನು ಕಡ್ಡಿಯಿಂದ ಬಿಡಿಸಿ, ಪಸೆ ಆರಿದ ಮೇಲೆ ಗಾಜಿನ ಬಾಟಲಿಗೆ ಹಾಕುತ್ತೇವೆ.

ಹೋಟೆಲ್ ಪಾರ್ಸೆಲ್ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗಿದೆ. ಕುದಿಯುವ ಸಾಂಬಾರನ್ನು ತೆಳು ಕವರಿಗೆ ಸುರಿದು ದಾರದಿಂದ ಕಟ್ಟಿಕೊಡುವುದನ್ನು ನಾವು ಕಣ್ಣಾರೆ ಕಂಡೂ ಸುಮ್ಮನಿದ್ದೇವೆ. ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಕಿ ಬೇಯಿಸುವುದನ್ನು ಆಹಾರ ಸುರಕ್ಷತಾ ಇಲಾಖೆಯ ತಪಾಸಣೆಯಲ್ಲಿ ಪತ್ತೆ ಹಚ್ಚಿ, 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಅದರ ವಿರುದ್ಧ ಕ್ರಮಕ್ಕೆ ಮುಂದಾದುದು ನಿಮಗೆ ನೆನಪಿರಬಹುದು. ಕಾಗದದ ಲೋಟವೂ ಪೂರ್ತಿ ಕಾಗದವಲ್ಲ, ಒಳಮೈಗೆ ಪ್ಲಾಸ್ಟಿಕ್ಕಿನ ತೆಳು ಪದರವಿರುತ್ತದೆ. ಅಂಥ ಲೋಟದಲ್ಲಿ 100 ಮಿಲಿಲೀಟರ್ ಬಿಸಿ ದ್ರವವನ್ನು 15 ನಿಮಿಷ ಇಟ್ಟರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದಕ್ಕೆ ಸೇರುತ್ತವೆ ಎಂದು ಐಐಟಿ ಖರಗ್‌ಪುರದ ಸಂಶೋಧಕರು 2020ರಲ್ಲಿ ತಿಳಿಸಿದ್ದರು. ಇದನ್ನು ಓದಿದ ಮೇಲೆ ನಾವು ಮೂರು ತಟ್ಟೆಯ ಹಳೆಯ ಕ್ಯಾರಿಯರನ್ನು ಅಟ್ಟದಿಂದ ಇಳಿಸಿದೆವು. ಯಾವ ಹೋಟೆಲಿನವರೂ ಇದುವರೆಗೆ ಅದಕ್ಕೆ ಹಾಕಿಕೊಡಲು ನಿರಾಕರಿಸಿಲ್ಲ, ಕೆಲವರು ಒಂದು ಸೌಟು ಹೆಚ್ಚಾಗಿಯೇ ಹಾಕುತ್ತಾರೆ.

ಇನ್ನೊಂದು ಮಾತು. ಬಟ್ಟೆಯಂತೆ ಕಾಣುವ, ಬಣ್ಣಬಣ್ಣದ 'ನಾನ್ ವೋವನ್' ಚೀಲಗಳು ಬಟ್ಟೆಯಲ್ಲ. ಅವು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನವೇ. ಬೆಂಕಿಯ ಬಳಿ ಒಯ್ದರೆ ನೂಲಿನಂತೆ ಉರಿದು ಬೂದಿಯಾಗುವ ಬದಲು ಮುದುಡಿ ಕರಗುತ್ತವೆ.

ಉತ್ತರ: ಒಣಕಸ, ಬೆಂಗಳೂರು

ನಾನು ನಮ್ಮ ಬಡಾವಣೆಯ ಒಣಕಸ ಸಂಗ್ರಹ ಕೇಂದ್ರದಲ್ಲಿ ಕೆಲವು ವರ್ಷಗಳಿಂದ ವಾರಕ್ಕೊಮ್ಮೆ ಸ್ವಯಂಸೇವಕನಾಗಿ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಮೂರು ಪ್ರಶ್ನೆಗಳಿಗೂ ಅಲ್ಲಿನ ಅನುಭವದಿಂದಲೇ ಉತ್ತರಿಸುತ್ತೇನೆ.

ಹಾಲಿನ ಪ್ಯಾಕೆಟ್ ಪಾಲಿಥೀನಿನದು, ಅದನ್ನು ಮತ್ತೆ ಕರಗಿಸಿ ಬಳಸಬಹುದು, ಗುಜರಿಯಲ್ಲಿ ಅದಕ್ಕೆ ಬೆಲೆಯೂ ಉಂಟು. ಆದರೆ ಅದು ತೊಳೆದು ಒಣಗಿಸಿದ್ದಾಗಿರಬೇಕು. ತೊಳೆಯದ ಪ್ಯಾಕೆಟ್ ಎರಡನೆಯ ದಿನಕ್ಕೆ ಹುಳಿ ನಾತ ಹೊಡೆದು, ಜೊತೆಗಿರುವ ಕಾಗದ, ರಟ್ಟು ಎಲ್ಲವನ್ನೂ ಕೆಡಿಸುತ್ತದೆ. ಕೇಂದ್ರದಲ್ಲಿ ಅದನ್ನು ಬರಿಗೈಯಲ್ಲಿ ಬಿಡಿಸುವ ಹೆಂಗಸರ ಪಾಡನ್ನು ನೋಡಿದವರು ಇನ್ನೊಮ್ಮೆ ತೊಳೆಯದೆ ಕೊಡಲಾರರು. ಹಾಲು ಬಗ್ಗಿಸಿದ ತಕ್ಷಣ ಒಂದು ಲೋಟ ನೀರು ಹಾಕಿ ಕುಲುಕಿ, ಆ ನೀರನ್ನು ಗಿಡಕ್ಕೆ ಹಾಕಿ, ಪ್ಯಾಕೆಟ್ಟನ್ನು ಕಿಟಕಿಯ ಸರಳಿಗೆ ಬಟ್ಟೆ ಕ್ಲಿಪ್ಪಿನಿಂದ ತೂಗುಹಾಕಿದರೆ ಸಂಜೆಗೆ ಒಣಗಿರುತ್ತದೆ.

ಇದಕ್ಕಿಂತಲೂ ಮುಖ್ಯವಾದದ್ದು ಪ್ಯಾಕೆಟ್ ಕತ್ತರಿಸುವ ಬಗೆ. ಮೂಲೆಯನ್ನು ಪೂರ್ತಿ ಕತ್ತರಿಸಿ ತೆಗೆದರೆ ಉಗುರಿನಷ್ಟು ದೊಡ್ಡ ತ್ರಿಕೋನದ ಚೂರು ಸಿಂಕಿಗೋ ಹಸಿಕಸಕ್ಕೋ ಬೀಳುತ್ತದೆ. ಅದನ್ನು ಯಾರೂ ಹೆಕ್ಕಲಾರರು, ಯಾವ ಯಂತ್ರವೂ ಆರಿಸಲಾರದು. ನಿಮ್ಮ ಮನೆಯೊಂದರಿಂದಲೇ ದಿನಕ್ಕೆ ಮೂರು ಚೂರುಗಳಂತೆ ವರ್ಷಕ್ಕೆ ಸಾವಿರಕ್ಕೂ ಹೆಚ್ಚು. ಅರ್ಧ ಇಂಚು ಸೀಳಿ, ಮೂಲೆ ಪ್ಯಾಕೆಟ್ಟಿಗೇ ಅಂಟಿಕೊಂಡಿರುವಂತೆ ಬಿಟ್ಟರೆ ಸಾಕು. ಇದಕ್ಕೆ ಒಂದು ಪೈಸೆಯ ಖರ್ಚಿಲ್ಲ, ಒಂದು ನಿಮಿಷದ ಹೆಚ್ಚಿನ ಕೆಲಸವೂ ಇಲ್ಲ. ಶಾಂಪೂ, ಕಾಫಿಪುಡಿ, ಮಸಾಲೆ ಪೊಟ್ಟಣಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಬಿಸ್ಕತ್ತು ಮತ್ತು ಚಿಪ್ಸ್ ಪ್ಯಾಕೆಟ್ಟಿನ ಕಥೆ ಬೇರೆ. ಒಳಗೆ ಬೆಳ್ಳಿಯಂತೆ ಹೊಳೆಯುವ ಆ ಹಾಳೆಯಲ್ಲಿ ಪ್ಲಾಸ್ಟಿಕ್ಕಿನ ಪದರಗಳ ಜೊತೆಗೆ ಲೋಹದ ತೆಳು ಲೇಪವೂ ಬೆಸೆದುಕೊಂಡಿರುತ್ತದೆ. ಅವುಗಳನ್ನು ಬಿಡಿಸಿ ಮರುಬಳಕೆ ಮಾಡುವುದು ಬಹಳ ಕಷ್ಟವಾದ್ದರಿಂದ ಗುಜರಿಯವರು ಮುಟ್ಟುವುದಿಲ್ಲ. ನಮ್ಮ ಕೇಂದ್ರದಿಂದ ಅವನ್ನು ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಉರುವಲಾಗಿ ಕಳುಹಿಸುತ್ತೇವೆ. ನಿಮ್ಮ 83ರ ಲೆಕ್ಕದಲ್ಲಿ ನಿಜವಾಗಿ ಚಿಂತೆ ಮಾಡಬೇಕಾದದ್ದು ಹಾಲಿನ 21ಕ್ಕಿಂತ ಈ 17 ಮತ್ತು ಶಾಂಪೂವಿನ 8 ಎಂದು ನನಗೆ ಅನ್ನಿಸುತ್ತದೆ. ಬೇಕರಿಯಿಂದ ಡಬ್ಬದಲ್ಲಿ ತರುವ ಖಾರದ ಬಿಸ್ಕತ್ತು, ಬೆಣ್ಣೆ ಬಿಸ್ಕತ್ತು, ಮನೆಯಲ್ಲಿ ಹುರಿದ ಕಡಲೆಕಾಯಿ, ಒಗ್ಗರಣೆ ಮಂಡಕ್ಕಿ, ಇವುಗಳಿಂದ ಆರಂಭಿಸಬಹುದು.

ಕಸದ ಬುಟ್ಟಿಗೆ ಕವರಿನ ಅಗತ್ಯವಿಲ್ಲ. ದಿನಪತ್ರಿಕೆಯ ಎರಡು ಹಾಳೆಗಳನ್ನು ಬುಟ್ಟಿಯೊಳಗೆ ಅಡ್ಡಲಾಗಿ ಒಂದು, ಉದ್ದವಾಗಿ ಒಂದು ಹಾಸಿ, ಅಂಚುಗಳನ್ನು ಬುಟ್ಟಿಯ ಬಾಯಿಯ ಹೊರಕ್ಕೆ ಮಡಚಿ, ತಳದಲ್ಲಿ ಇನ್ನೊಂದು ಹಾಳೆಯನ್ನು ಮುದುರಿ ಇಟ್ಟರೆ ಒಂದು ದಿನದ ಹಸಿಕಸದ ನೀರನ್ನು ಅದು ಹೀರಿಕೊಳ್ಳುತ್ತದೆ. ಸಾರು, ಮಜ್ಜಿಗೆಗಳನ್ನು ಮಾತ್ರ ಅದಕ್ಕೆ ಸುರಿಯಬಾರದು. ಬೆಂಗಳೂರಿನಲ್ಲಿ ಹೈಕೋರ್ಟಿನ 2015ರ ಡಿಸೆಂಬರ್ ಆದೇಶದಂತೆ ಹಸಿಕಸಕ್ಕೆ ಹಸಿರು ಬುಟ್ಟಿ, ನೈರ್ಮಲ್ಯ ಕಸಕ್ಕೆ ಕೆಂಪು ಬುಟ್ಟಿ, ಒಣಕಸಕ್ಕೆ ಚೀಲ ಎಂಬ ಪದ್ಧತಿ ಬಂದಾಗ, ಕವರಿಲ್ಲದೆ ಹಸಿಕಸ ಕೊಡುವುದು ಅಸಾಧ್ಯವೆಂದು ನಮ್ಮ ಬೀದಿಯಲ್ಲಿ ವಾದಿಸಿದವರೇ ಈಗ ಪತ್ರಿಕೆ ಹಾಸುತ್ತಿದ್ದಾರೆ.

ಇನ್ನು ಡಬ್ಬಗಳು. ದಯವಿಟ್ಟು ಬಿಸಾಡಬೇಡಿ. ಒಳ್ಳೆಯ ಡಬ್ಬವನ್ನು ಕಸಕ್ಕೆ ಹಾಕಿ ಗಾಜಿನದನ್ನು ಕೊಂಡರೆ ಕಸ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಒಣ ಬೇಳೆಕಾಳು, ಗುಂಡಿ, ದಾರ, ಔಷಧಿ ಇಡಲು ಅವು ಸಾಕಷ್ಟು ವರ್ಷ ಬಾಳುತ್ತವೆ. ಬಿಸಿ ಪದಾರ್ಥ, ಎಣ್ಣೆ, ಉಪ್ಪಿನಕಾಯಿ ಇಂಥವುಗಳನ್ನು ಮಾತ್ರ ಸ್ಟೀಲಿಗೆ ಅಥವಾ ಭರಣಿಗೆ ಬದಲಾಯಿಸಿ.

ಉತ್ತರ: ಪಶುವೈದ್ಯ, ಹಾವೇರಿ ಜಿಲ್ಲೆ

ಮೇಲಿನವರು ಹೇಳಿದ್ದಕ್ಕೆ ನನ್ನ ವೃತ್ತಿಯ ಕಡೆಯಿಂದ ಒಂದೇ ಒಂದು ವಿಷಯವನ್ನು ಸೇರಿಸುತ್ತೇನೆ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕೆನಿಸುವುದಿಲ್ಲ.

ಹಸು ಮೇವನ್ನು ನಮ್ಮ ಹಾಗೆ ಆರಿಸಿ, ಜಗಿದು ತಿನ್ನುವುದಿಲ್ಲ. ನಾಲಿಗೆಯಿಂದ ಸುತ್ತಿ ಎಳೆದುಕೊಂಡು ಬೇಗಬೇಗ ನುಂಗಿ, ಆಮೇಲೆ ಒಂದೆಡೆ ಮಲಗಿ ಮೆಲುಕು ಹಾಕುತ್ತದೆ. ಮಿಕ್ಕಿದ ಅನ್ನ, ತರಕಾರಿ ಸಿಪ್ಪೆಯನ್ನು ಕವರಿಗೆ ತುಂಬಿ, ಬಾಯಿಗೆ ಗಂಟು ಹಾಕಿ ಬೀದಿ ಬದಿಗೆ ಎಸೆದರೆ, ಒಳಗಿನ ವಾಸನೆ ಹಿಡಿದು ಬಂದ ಹಸುವಿಗೆ ಗಂಟು ಬಿಚ್ಚಲು ಕೈಗಳಿಲ್ಲವಾದ್ದರಿಂದ ಅದು ಕವರಿನ ಸಮೇತ ನುಂಗುತ್ತದೆ. ಹಾಗೆ ಒಳಹೋದ ಪ್ಲಾಸ್ಟಿಕ್ ಜೀರ್ಣವಾಗುವುದಿಲ್ಲ, ಅದರ ಬಹುಭಾಗ ಮೆಲುಕಿನೊಂದಿಗೆ ಮೇಲಕ್ಕೂ ಬರುವುದಿಲ್ಲ, ಸಗಣಿಯೊಂದಿಗೆ ಕೆಳಕ್ಕೂ ಹೋಗುವುದಿಲ್ಲ. ರೂಮೆನ್ ಎಂಬ ದೊಡ್ಡ ಹೊಟ್ಟೆಯಲ್ಲೇ ಉಳಿದು, ತಿಂಗಳುಗಟ್ಟಲೆ ಒಂದಕ್ಕೊಂದು ಹೊಸೆದುಕೊಂಡು ಹಗ್ಗದಂತೆ, ಉಂಡೆಯಂತೆ ಗಟ್ಟಿಯಾಗುತ್ತದೆ. ಹೊಟ್ಟೆ ತುಂಬಿದಂತಿದ್ದು ಹಸು ಮೇವು ಬಿಡುತ್ತದೆ, ಪದೇ ಪದೇ ಹೊಟ್ಟೆ ಉಬ್ಬರಿಸುತ್ತದೆ, ಹಾಲು ಇಳಿಯುತ್ತದೆ, ಮೈ ಒಣಗುತ್ತದೆ.

ಹೋದ ವರ್ಷ ಆರು ತಿಂಗಳ ಗಬ್ಬದ ಹಸುವೊಂದನ್ನು ಕರೆತಂದಿದ್ದರು. ಎಡ ಪಕ್ಕೆಯಲ್ಲಿ ಕೊಯ್ದು, ಮೊಣಕೈ ದಾಟುವಷ್ಟು ಕೈ ಹಾಕಿ, ಎರಡು ಗಂಟೆ ಹೊರತೆಗೆದರೂ ಮುಗಿಯಲಿಲ್ಲ. ಎಳೆದದ್ದೆಲ್ಲ ಕಪ್ಪಾಗಿ, ಒದ್ದೆ ಹಗ್ಗದ ಹಾಗೆ ಒಂದರ ಹಿಂದೆ ಒಂದು ಬರುತ್ತಿತ್ತು. ಅದರ ನಡುವೆ ಒಂದು ಕವರಿಗೆ ಹಾಕಿದ್ದ ಗಂಟು ಹಾಗೆಯೇ ಇತ್ತು. ಹಸುವಿನ ಯಜಮಾನ ಆ ಗಂಟನ್ನೇ ನೋಡುತ್ತ ನಿಂತಿದ್ದ. ಆ ಹಸು ಉಳಿಯಿತು, ಅದರ ಕರು ಉಳಿಯಲಿಲ್ಲ.

ಆದುದರಿಂದ ನನ್ನ ಕೋರಿಕೆ ಇಷ್ಟೆ. ಅನಿವಾರ್ಯವಾಗಿ ಕವರು ಮನೆಗೆ ಬಂದರೂ ಬರಲಿ, ತಿನ್ನುವ ಪದಾರ್ಥವನ್ನು ಮಾತ್ರ ಅದರೊಳಗೆ ಹಾಕಿ ಕಟ್ಟಬೇಡಿ. ಬ್ಲೇಡು, ಸೂಜಿ, ಗುಂಡುಪಿನ್ನುಗಳನ್ನೂ ಹಸಿಕಸಕ್ಕೆ ಬೆರೆಸಬೇಡಿ, ಅವು ಹೊಟ್ಟೆಯ ಗೋಡೆಯನ್ನು ಚುಚ್ಚಿಕೊಂಡು ಹೃದಯದವರೆಗೂ ಹೋಗಬಲ್ಲವು.

ಉತ್ತರ: ಅಂಟುವಾಳ, ಪುತ್ತೂರು

ಅಡುಗೆಮನೆಯ ಬಗ್ಗೆ ಸಾಕಷ್ಟು ಬಂದಿದೆ. ಬಚ್ಚಲುಮನೆಯ ಬಗ್ಗೆ ನಾನು ಬರೆಯುತ್ತೇನೆ. ಶಾಂಪೂ ಪೊಟ್ಟಣದ ಬದಲು ನಮ್ಮಲ್ಲಿ ಸೀಗೆಪುಡಿ ಮತ್ತು ಅಂಟುವಾಳದ ಕಾಯಿ ಇವೆ. ಆರೇಳು ಕಾಯಿಗಳನ್ನು ಬೀಜ ತೆಗೆದು ರಾತ್ರಿ ನೆನೆಸಿ ಬೆಳಿಗ್ಗೆ ಕಿವುಚಿದರೆ ನೊರೆ ಬರುತ್ತದೆ, ತಲೆಗೂ ಸಾಕು, ರೇಷ್ಮೆ ಸೀರೆಗೂ ಸಾಕು. ಕಣ್ಣಿಗೆ ಬಿದ್ದರೆ ಬಹಳ ಉರಿಯುತ್ತದೆ, ಮಕ್ಕಳ ವಿಷಯದಲ್ಲಿ ಜೋಪಾನ. ಅಷ್ಟೂ ಆಗದಿದ್ದರೆ ಪೊಟ್ಟಣ ಬಿಟ್ಟು ದೊಡ್ಡ ಬಾಟಲಿ ತಂದರೂ ಎಂಟರ ಬದಲು ಒಂದಾಗುತ್ತದೆ. ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರು ಕೂಡ ಪ್ಲಾಸ್ಟಿಕ್ಕಿನ ನೂಲಿನದು, ಸವೆದಷ್ಟೂ ಚರಂಡಿಗೆ ಸೇರುತ್ತದೆ. ತೆಂಗಿನ ನಾರು ಅಥವಾ ಬಲಿತು ಒಣಗಿದ ಹೀರೆಕಾಯಿಯ ನಾರು ಅದರ ಕೆಲಸವನ್ನು ಮಾಡುತ್ತದೆ.

ಮುಟ್ಟಿನ ದಿನಗಳ ಪ್ಯಾಡಿನಲ್ಲಿಯೂ ಪ್ಲಾಸ್ಟಿಕ್ಕಿನ ಪದರಗಳಿರುತ್ತವೆ ಎಂಬುದನ್ನು ಸಂಕೋಚವಿಲ್ಲದೆ ಹೇಳಬೇಕು. ಸರ್ಕಾರವೇ ನಮ್ಮ ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳಲ್ಲಿ 'ಮೈತ್ರಿ' ಹೆಸರಿನಲ್ಲಿ ವಿದ್ಯಾರ್ಥಿನಿಯರಿಗೆ ಮುಟ್ಟಿನ ಕಪ್ ನೀಡಿದ ಮೇಲೆ, ನಾನೂ ನನ್ನ ನಾದಿನಿಯೂ ಧೈರ್ಯ ಮಾಡಿದೆವು. ಒಗ್ಗಿಕೊಳ್ಳಲು ನನಗೆ ಮೂರು ತಿಂಗಳು ಬೇಕಾಯಿತು. ಒಂದು ಕಪ್ಪನ್ನು ಪ್ರತಿ ಸಲವೂ ಕುದಿಸಿ ಶುದ್ಧ ಮಾಡಿ ವರ್ಷಗಟ್ಟಲೆ ಬಳಸಬಹುದು. ಹಿಡಿಸದವರು ಬಿಸಿಲಿನಲ್ಲಿ ಒಣಗಿಸಿದ ಬಟ್ಟೆಯ ಪ್ಯಾಡ್ ಬಳಸಬಹುದು.

ಮೈಸೂರಿನ ಹಿರಿಯರ ಸಲಹೆಗಳು ಬಹಳ ಹಿಡಿಸಿದವು. ಆದರೂ ಒಂದು ಮಾತನ್ನು ಗೌರವದಿಂದಲೇ ಹೇಳುತ್ತೇನೆ. ಚೀಲ ಹೊಲಿಯುವುದು, ಪ್ಯಾಕೆಟ್ ತೊಳೆಯುವುದು, ಸೊಪ್ಪು ಆರಿಸುವುದು ಇವೆಲ್ಲವೂ ಮನೆಯ ಹೆಂಗಸಿನ ಹೆಗಲಿಗೇ ಬಂದರೆ ಈ ರೂಢಿ ಆರು ತಿಂಗಳೂ ಬಾಳುವುದಿಲ್ಲ. ಪ್ರಶ್ನೆ ಕೇಳಿದ ಸಹೋದರಿ ಮೊದಲೇ ಕೆಲಸಕ್ಕೆ ಹೋಗುವವರು. ಕವರುಗಳಲ್ಲಿ ಎಷ್ಟು ಯಾರ ಕೈಯಿಂದ ಬಂದವು ಎಂದೂ ಒಮ್ಮೆ ಬರೆದು ನೋಡಿ. ನಮ್ಮ ಮನೆಯಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನ ಗಂಡ ಸಂಜೆ ಸ್ಕೂಟರಿನಲ್ಲಿ ಬರುವಾಗ ಕೊಂಡು ತಂದವು. ಸ್ಕೂಟರಿನ ಡಿಕ್ಕಿಯಲ್ಲಿ ಎರಡು ಚೀಲ ಮತ್ತು ಒಂದು ಡಬ್ಬವನ್ನು ಖಾಯಂ ಇಟ್ಟ ಮೇಲೆ, ಮತ್ತು ಅವನ್ನು ತೊಳೆದು ಮತ್ತೆ ಅಲ್ಲಿಯೇ ಇಡುವುದು ಅವರ ಕೆಲಸವೆಂದು ಒಪ್ಪಂದವಾದ ಮೇಲೆ ಅದು ನಿಂತಿತು.

ತುಂಗೆಯ ದಂಡೆ, ಶಿವಮೊಗ್ಗ (ಎರಡು ತಿಂಗಳ ನಂತರ)

ಉತ್ತರಿಸಿದ ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಕಳೆದ ವಾರ ಮತ್ತೊಮ್ಮೆ ಅದೇ ಅಕ್ಕಿ ಚೀಲದಲ್ಲಿ ತುಂಬಿಟ್ಟು ಎಣಿಸಿದೆವು. ಹಾಲಿನದು 14, ತರಕಾರಿಯದು 2, ದಿನಸಿಯದು 3, ಬಿಸ್ಕತ್ತಿನದು 11, ಹೋಟೆಲಿನದು 1. ಒಟ್ಟು 31. ಶಾಂಪೂ, ಹೂವು, ಮೊಸರು ಮೂರರಲ್ಲೂ ಒಂದೂ ಇಲ್ಲ. ಹೂವಿನವರು ಕೇಳಿದ ಕೂಡಲೇ ಬಾಳೆ ಎಲೆಯಲ್ಲಿ ಸುತ್ತಿಕೊಟ್ಟರು, ನಾವು ಇಷ್ಟು ವರ್ಷ ಕೇಳಿರಲಿಲ್ಲ ಅಷ್ಟೆ.

ಯಾರ ಕೈಯಿಂದ ಬಂತು ಎಂದು ಬರೆದು ನೋಡಿದ್ದು ಬಹಳ ಉಪಯೋಗವಾಯಿತು. ತರಕಾರಿಯ ಕವರುಗಳೆಲ್ಲ ಯಜಮಾನರು ತಂದವಾಗಿದ್ದವು. ಬಿಸ್ಕತ್ತಿನವು ಮಕ್ಕಳಿಗಾಗಿ ನಾನು ತಂದವು. ಬಿಸ್ಕತ್ತಿನ ವಿಷಯದಲ್ಲಿ ನಾವಿನ್ನೂ ಗೆದ್ದಿಲ್ಲ. ಮಂಡಕ್ಕಿ ಮೂರು ದಿನ ನಡೆಯಿತು, ನಾಲ್ಕನೆಯ ದಿನ ಮಗ ಮುಖ ತಿರುಗಿಸಿದ. ಕೊತ್ತಂಬರಿ ಮೊದಲ ವಾರ ಕೊಳೆಯಿತು, ಬಟ್ಟೆಯನ್ನು ಸರಿಯಾಗಿ ಹಿಂಡಿರಲಿಲ್ಲ. ಈಗ ಅತ್ತೆಯವರು ಅದನ್ನು ನೋಡಿಕೊಳ್ಳುತ್ತಾರೆ.

ಹಾಲು 21ರಿಂದ 14ಕ್ಕೆ ಇಳಿದದ್ದು ಹೇಗೆಂದರೆ, ಹಿಂದಿನ ಬೀದಿಯಲ್ಲಿ ಹಸು ಸಾಕಿರುವವರ ಮನೆಯಿಂದ ದಿನಕ್ಕೆ ಒಂದು ಲೀಟರ್ ತರುತ್ತಿದ್ದೇವೆ. ಅದರಲ್ಲಿ ಅರ್ಧ ಕಾಫಿಗೆ, ಅರ್ಧ ಹೆಪ್ಪು ಹಾಕಲು. ಪಶುವೈದ್ಯರು ಬರೆದದ್ದನ್ನು ನಾನು ಮನೆಯವರೆಲ್ಲರಿಗೂ ಓದಿ ಹೇಳಿದ ರಾತ್ರಿ ಮಗಳು ಸರಿಯಾಗಿ ಊಟ ಮಾಡಲಿಲ್ಲ. ಈಗ ಅವಳು ದಿನವೂ ಬೆಳಿಗ್ಗೆ ಹಾಲಿನ ತಂಬಿಗೆಯ ಜೊತೆ ಹಿಂದಿನ ದಿನದ ತರಕಾರಿ ಸಿಪ್ಪೆಯನ್ನು ಸಣ್ಣ ಬಕೆಟ್ಟಿನಲ್ಲಿ ಒಯ್ದು ಆ ಹಸುವಿನ ಮುಂದೆ ಸುರಿಯುತ್ತಾಳೆ. ಸುರಿಯುವ ಮೊದಲು ಹಾಲಿನ ಪ್ಯಾಕೆಟ್ಟಿನ ಮೂಲೆಯ ಚೂರೇನಾದರೂ ಇದೆಯೇ ಎಂದು ಕೈಯಾಡಿಸಿ ನೋಡುತ್ತಾಳೆ.